ಸ್ವಂತ ಬಳಕೆ ಸೊನ್ನೆ

ಹೊಳಲ್ಕೆರೆ
18 ನವೆಂಬರ್ 2024

ರೋಜಾ,

ಈ ಕಾಲದಲ್ಲಿ ಅಂಚೆಯಲ್ಲಿ ಅಕ್ಕನ ಕಾಗದ ಬಂತೆಂದರೆ ಮೊದಲು ನಿನ್ನ ಎದೆ ಧಸಕ್ಕೆಂದಿರುತ್ತದೆ. ಯಾರಿಗೂ ಏನೂ ಆಗಿಲ್ಲ. ಸಿಟ್ಟಿನಲ್ಲಿ ಹರಿದುಹಾಕುವುದಿದ್ದರೆ ಪೂರ್ತಿ ಓದಿ ಹರಿ.

ಶ್ರಾವಣದಲ್ಲಿ ನೀನು ಫೋನ್ ಮಾಡಿ, "ಅಕ್ಕಾ, ಸ್ಕೂಲಾಗೆ ನನ್ನ ಕೆಲ್ಸ ಪರ್ಮನೆಂಟ್ ಆತು" ಎಂದದ್ದಕ್ಕೆ ನಾನು, "ಹೇಳಿ ಸರ್, ಯಾವ ತಾರೀಖಿಗೆ ಬೇಕು?" ಎಂದೆ. "ನಾನು ಕಣೇ, ರೋಜಾ" ಎಂದೆ ನೀನು. ನಾನು, "ಆ ತಾರೀಖು ಖಾಲಿ ಇಲ್ಲ ಸರ್" ಎಂದು ಇಟ್ಟುಬಿಟ್ಟೆ. ಅಲ್ಲಿಂದ ಈಚೆಗೆ ನೀನು ಫೋನ್ ಮಾಡಿಲ್ಲ. ಶಾಮಿಯಾನದ ಅಂಗಡಿ ಬಂದಮೇಲೆ ಅಕ್ಕನಿಗೆ ಕೊಬ್ಬು ಬಂದಿದೆ ಎಂದು ಅವ್ವನ ಹತ್ತಿರ ಅಂದೆಯಂತೆ. ಕೊಬ್ಬಲ್ಲ ಮಾರಾಯ್ತಿ. ನಿನ್ನ ಭಾವ ಎದುರಿಗೇ ಕುಳಿತಿದ್ದರು.

ನನ್ನ ನಂಬರಿನ ಕಥೆ ನಿನಗೆ ಗೊತ್ತಿದೆ. ನನ್ನನ್ನು ಸಿರಿಗೆರೆ ಕಾಲೇಜಿಗೆ ಸೇರಿಸಿದ ವರ್ಷ ಅಪ್ಪ ಕೊಡಿಸಿದ್ದು. ತನಗೆ ಮರೆಯಬಾರದೆಂದು ಕೊನೆಗೆ ಮೂರು ಸೊನ್ನೆ ಇರುವುದನ್ನೇ ಹುಡುಕಿ, ನನ್ನ ಹೆಸರಿನಲ್ಲೇ ಮಾಡಿಸಿ ತಂದಿದ್ದ. ಮದುವೆಯಾದ ವರ್ಷ ನಿನ್ನ ಭಾವ ಅಂಗಡಿ ಹಾಕಿದಾಗ, "ನಿನ್ನ ನಂಬರು ಜನರ ಬಾಯಾಗೆ ನಿಲ್ತತೆ, ಅದ್ನೇ ಹಾಕಾಣ" ಎಂದರು. ನನಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ. ಈಗ ಅದು ಬೋರ್ಡಿನ ಮೇಲಿದೆ, ವ್ಯಾನಿನ ಮೇಲಿದೆ, ಪ್ರತಿ ಕುರ್ಚಿಯ ಬೆನ್ನಿಗಿದೆ. ಕೊಪ್ಪರಿಗೆ, ಸೌಟು, ತಟ್ಟೆ ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೆತ್ತಿದೆ. ರಾಮಗಿರಿಯಲ್ಲಿ ಒಂದು ಮದುವೆಗೆ ಹೋಗಿ ಊಟಕ್ಕೆ ಕುಳಿತರೆ, ಅನ್ನ ಸರಿಸಿದ ಕಡೆ ನನ್ನ ನಂಬರೇ ಕಂಡಿತು. ತಾಲ್ಲೂಕಿಗೆಲ್ಲ ನನ್ನ ನಂಬರು ಬಾಯಿಪಾಠ. ಬಸ್ಸಿನಲ್ಲಿ ಕಂಡರೆ ಮಾತ್ರ ಎಲ್ಲರೂ "ಶಾಮಿಯಾನದಮ್ಮ" ಎನ್ನುತ್ತಾರೆ. ಸುಮಿತ್ರಾ ಎಂದು ಕರೆಯುವವರು ಯಾರೂ ಇಲ್ಲ.

ಆ ಫೋನಿನ ಬಿಲ್ಲನ್ನು ನಿನ್ನ ಭಾವ ಅಂಗಡಿಯ ಖರ್ಚಿಗೆ ಹಾಕುತ್ತಾರೆ. ತೆರಿಗೆ ಲೆಕ್ಕದಲ್ಲಿ ಅಷ್ಟನ್ನು ಕಳೆಯುತ್ತಾರಂತೆ. ಹಾಗೆ ಕಳೆಯಬೇಕಾದರೆ ಫೋನು ಪೂರ್ತಿ ವ್ಯಾಪಾರದ್ದೇ ಆಗಿರಬೇಕು, ಒಂದು ಮಾತೂ ಸ್ವಂತದ್ದು ಇರಬಾರದು ಎನ್ನುತ್ತಾರೆ. ಪ್ರತಿ ತಿಂಗಳು ಯಾರಿಗೆ ಎಷ್ಟು ಹೊತ್ತು ಮಾತಾಡಿದೆವೆಂಬ ಪಟ್ಟಿ ತೆಗೆಸಿ, ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಅವ್ವನ ನಂಬರು ಕಂಡರೆ, "ಇದನ್ನ ಆಫೀಸರಿಗೆ ಏನಂತ ತೋರಿಸ್ಲಿ? ನಿಮ್ಮವ್ವ ಯಾವ ಮದ್ವೆಗೆ ಆರ್ಡರ್ ಕೊಟ್ಲು?" ಎಂದು ಕೇಳುತ್ತಾರೆ. ವಾಟ್ಸಾಪು ಅಂಗಡಿಯ ಕಂಪ್ಯೂಟರಿನಲ್ಲೂ ತೆರೆದಿರುತ್ತದೆ. ಬರುವ ಫೋನಿಗೆ ನಾನು ಏನು ಹೇಳುತ್ತೇನೆಂದು ಅವರ ಕಿವಿ ಇಲ್ಲೇ ಇರುತ್ತದೆ.

ಅದಕ್ಕೇ ನಾನೂ ಅವ್ವನೂ ಒಂದು ದಾರಿ ಮಾಡಿಕೊಂಡಿದ್ದೇವೆ. ಅವ್ವ ಪಕ್ಕದ ಮನೆ ಮಾರಣ್ಣನ ಫೋನಿನಿಂದ ಮಾಡಿ ಗಿರಾಕಿಯ ಹಾಗೆ ಮಾತಾಡುತ್ತಾಳೆ. ನೂರು ಕುರ್ಚಿ ಬೇಕು ಎಂದರೆ ಆರಾಮಾಗಿದ್ದೀನಿ. ಐವತ್ತು ಎಂದರೆ ಮಂಡಿ ನೋವು ಜಾಸ್ತಿ. ಜಮಖಾನ ಬೇಕು ಎಂದರೆ ನಿನ್ನ ನೆನಪಾಗುತ್ತಿದೆ. ದೀಪಾವಳಿಯ ದಿನ ಒಂದೇ ಫೋನಿನಲ್ಲಿ ಎಷ್ಟೊಂದು ಸಲ ಜಮಖಾನ ಕೇಳಿದಳೆಂದರೆ, ನಾನು ಉಗ್ರಾಣಕ್ಕೆ ಹೋಗಿ ಅತ್ತುಬಂದೆ.

ಈಗ ಹೊಸದೊಂದು ಶುರುವಾಗಿದೆ. ನಂಬರು ನನ್ನ ಹೆಸರಿನಲ್ಲಿದ್ದರೆ ಅಂಗಡಿಯ ಖರ್ಚೆಂದು ಒಪ್ಪುವುದಿಲ್ಲವಂತೆ. ಮಾರ್ಚ್ ಮುಗಿಯುವುದರೊಳಗೆ ಚಿತ್ರದುರ್ಗಕ್ಕೆ ಹೋಗಿ ಅಂಗಡಿಯ ಹೆಸರಿಗೆ ಬರೆದುಕೊಡಬೇಕಂತೆ. ಮನೆ ಮಾವನವರ ಹೆಸರಿನಲ್ಲಿದೆ. ಅಂಗಡಿ, ವ್ಯಾನು ಇವರದು. ಬೋರ್ಡಿನ ಮೇಲೆ ಇರುವುದು ಮಗಳು ಅಂಜಲಿಯ ಹೆಸರು. ನನ್ನ ಹೆಸರಿನಲ್ಲಿ ಇರುವುದು ಇದೊಂದೇ. ಕೊಡಲು ನನಗೆ ಮನಸ್ಸಿಲ್ಲ ರೋಜಾ, ಬೇಡ ಎನ್ನಲು ಕಾರಣವೂ ಸಿಗುತ್ತಿಲ್ಲ. ಏನಾದರೂ ಹೇಳು.

ಉತ್ತರವನ್ನು ಅಂಗಡಿಗೆ ಕಳಿಸಬೇಡ. ಬಸ್‌ಸ್ಟ್ಯಾಂಡ್ ಹತ್ತಿರ ಹೂ ಕಟ್ಟುವ ಈರಕ್ಕನ ವಿಳಾಸ ಕೆಳಗೆ ಬರೆದಿದ್ದೇನೆ.

ಇಂತಿ, ನಿನ್ನನ್ನು ಸರ್ ಎಂದು ಕರೆದ ಅಕ್ಕ,
ಸುಮಿತ್ರಾ


ಹಿರಿಯೂರು
27 ನವೆಂಬರ್ 2024

ಅಕ್ಕಾ,

ಹೇಳಿ ಮೇಡಂ, ಯಾವ ತಾರೀಖಿಗೆ ಬೇಕು?

ನಿನ್ನ ಕಾಗದವನ್ನು ಹರಿಯಲಿಲ್ಲ. ಸ್ಟಾಫ್ ರೂಮಿನಲ್ಲಿ ಓದುತ್ತಾ ಕಣ್ಣೊರೆಸಿಕೊಂಡದ್ದು ನೋಡಿ, ಇವಳಿಗೆ ಯಾರೋ ಪ್ರೇಮಪತ್ರ ಬರೆದಿದ್ದಾರೆಂದು ಸುದ್ದಿಯಾಗಿದೆ. ಅಷ್ಟು ತಿಂಗಳು ನಿನ್ನ ಮೇಲೆ ಹಲ್ಲು ಕಡಿದುಕೊಂಡು ಓಡಾಡಿದೆನಲ್ಲ, ಆ ಸಿಟ್ಟನ್ನು ಈಗ ಪೂರ್ತಿ ಭಾವನ ಲೆಕ್ಕಕ್ಕೆ ವರ್ಗಾಯಿಸಿದ್ದೇನೆ. ಅವ್ವ ನಮ್ಮ ಮನೆಯ ಫೋನು ಬಿಟ್ಟು ಮಾರಣ್ಣನ ಮನೆಗೆ ಯಾಕೆ ಹೋಗುತ್ತಾಳೆಂದು ನನಗೂ ಅನುಮಾನವಿತ್ತು. ಕೇಳಿದರೆ, "ಅವಂಗೆ ಒಬ್ನೇ ಬ್ಯಾಸ್ರ, ಮಾತಾಡ್ಸಿ ಬರ್ತೀನಿ" ಎನ್ನುತ್ತಿದ್ದಳು.

ಅಲ್ಲ ಅಕ್ಕಾ, ಈಗ ಎಲ್ಲಾ ಪ್ಲಾನೂ ಅನ್‌ಲಿಮಿಟೆಡ್. ನೀನು ಮಾತಾಡಿದರೂ ಅಷ್ಟೇ ಬಿಲ್ಲು, ಬಾಯಿ ಹೊಲಿದುಕೊಂಡು ಕೂತರೂ ಅಷ್ಟೇ ಬಿಲ್ಲು. ಭಾವ ಉಳಿಸುತ್ತಿರುವುದು ಏನನ್ನು?

ನಮ್ಮ ಕಾಮರ್ಸ್ ಮೇಷ್ಟ್ರು ದಾಸಣ್ಣ ಸರ್ ಹತ್ತಿರ, ಯಾರದೋ ವಿಷಯ ಎಂಬಂತೆ ಕೇಳಿದೆ. ಅವರು ಹೇಳಿದ್ದು ಇಷ್ಟು. ಒಂದೇ ಫೋನನ್ನು ವ್ಯಾಪಾರಕ್ಕೂ ಮನೆಗೂ ಬಳಸುವುದು ಎಲ್ಲ ಕಡೆ ಇರುವುದೇ. ವ್ಯಾಪಾರಕ್ಕೆ ಬಳಸಿದ ಪಾಲನ್ನು ಖರ್ಚಿಗೆ ಹಾಕಬೇಕು, ಸ್ವಂತ ಬಳಕೆಯ ಪಾಲನ್ನು ಬಿಡಬೇಕು. ಹತ್ತರಲ್ಲಿ ಒಂಬತ್ತು ಪಾಲು ಅಂಗಡಿಗೆ ಎಂದು ನ್ಯಾಯವಾಗಿ ಅಂದಾಜು ಮಾಡಿ ಬರೆದರೆ ಯಾರ ಗಂಟೂ ಹೋಗುವುದಿಲ್ಲ. ಹೆಂಡತಿ ತವರಿಗೆ ಫೋನ್ ಮಾಡಬಾರದು ಎಂದು ಯಾವ ಕಾನೂನೂ ಇಲ್ಲ. "ಯಾರಮ್ಮ ಹಂಗೆ ಹೇಳಿದ್ದು, ಬುದ್ಧಿ ಐತಾ ಅವರಿಗೆ?" ಎಂದರು. ನನ್ನ ಭಾವ ಎನ್ನಲಿಲ್ಲ.

ಸ್ವಂತ ಬಳಕೆ. ಆ ಮಾತು ನೆನಪಿಟ್ಟುಕೋ. ಹತ್ತರಲ್ಲಿ ಒಂದು ಪಾಲು ನನಗೆ ಬಿಡಿ ಎಂದು ಕೇಳು. ಆಗದಿದ್ದರೆ ಒಂದು ಸಣ್ಣ ಫೋನು ಕೊಂಡು ಈರಕ್ಕನಿಗೆ ಕಳಿಸುತ್ತೇನೆ, ಅಕ್ಕಿ ಡಬ್ಬದಲ್ಲಿ ಇಟ್ಟುಕೋ.

ಜಗಳಕ್ಕೆ ತಯಾರಿರುವ ತಂಗಿ,
ರೋಜಾ


ಹೊಳಲ್ಕೆರೆ
12 ಡಿಸೆಂಬರ್ 2024

ರೋಜಾ,

ಕೇಳಿದೆ. ಒಳ್ಳೆಯ ಗಳಿಗೆ ನೋಡಿಯೇ ಕೇಳಿದೆ. ಹೊಸದುರ್ಗದಿಂದ ದೊಡ್ಡ ಮದುವೆಯ ಆರ್ಡರ್ ಬಂದಿತ್ತು, ಬರುವಾಗ ಅಂಜಲಿಗೆ ಬಳೆ, ನನಗೆ ಮಲ್ಲಿಗೆ ತಂದಿದ್ದರು. ಊಟಕ್ಕೆ ಬಡಿಸುತ್ತಾ, "ಫೋನಿನ ಲೆಕ್ಕದಾಗೆ ಸ್ವಂತ ಬಳಕೆ ಅಂತ ಒಂದು ಪಾಲು ಬಿಡಬೋದಂತಲ್ಲ" ಎಂದೆ. ತುತ್ತು ಕೈಯಲ್ಲೇ ನಿಂತಿತು.

"ಯಾರು ಹೇಳಿದ್ದು ನಿಂಗೆ?"

"ಟೀವೀಲಿ ಬಂತು."

"ಟೀವೀಲಿ ಬಂದಿದ್ದೆಲ್ಲ ಹೊಳಲ್ಕೆರೇಲಿ ನಡೆಯಲ್ಲ. ಹತ್ತು ಪರ್ಸೆಂಟ್ ಸ್ವಂತದ್ದು ಅಂತ ಬರಕೊಟ್ರೆ, ಉಳಿದ ತೊಂಬತ್ತೂ ಸುಳ್ಳಿರ್ಬೋದು ಅಂತಾನೆ ಆಫೀಸರು. ಸೊನ್ನೆ ಅಂದ್ರೆ ಸೊನ್ನೆ." ಆಮೇಲೆ ನಗುತ್ತಲೇ, ಬೈಯದೆಯೇ ಕೇಳಿದರು: "ಅಲ್ಲ, ನಿಂಗೆ ಸ್ವಂತ ಅಂತ ಏನೈತೆ ಹೇಳು. ಎಲ್ಲಾ ನಮ್ದೇ ಅಲ್ವಾ?"

ನಾನು ಸಾರು ಬಡಿಸಿದೆ. ಅವರು ಪ್ರೀತಿಯಿಂದಲೇ ಕೇಳಿದ್ದು. ಅದೇ ನನಗೆ ಕಷ್ಟ. ಅವರು ಕುಡಿಯುವುದಿಲ್ಲ, ನನ್ನ ಮೇಲೆ ಕೈ ಎತ್ತಿದವರಲ್ಲ, ಆಳುಗಳ ಜೊತೆ ತಾವೂ ಕಂಬ ಹೊರುತ್ತಾರೆ. ಹೊಡೆಯುವವರಾಗಿದ್ದರೆ ಯಾರಿಗಾದರೂ ಗಾಯ ತೋರಿಸಬಹುದಿತ್ತು. ಇದನ್ನು ಯಾರಿಗೆ ತೋರಿಸಲಿ? ಫೋನ್ ಬಿಲ್ಲು ತೋರಿಸಿದರೆ ಜನ ನಗುತ್ತಾರೆ. ಈರಕ್ಕನಿಗೆ ಒಂದಿಷ್ಟು ಹೇಳಿದೆ. "ಗಂಡ ಲೆಕ್ಕ ಇಡೋನು, ಪುಣ್ಯವಂತೆ ಬಿಡವ್ವ" ಎಂದಳು.

ನನಗೆ ಉಸಿರು ಕಟ್ಟುತ್ತದೆ ರೋಜಾ. ಫೋನು ರಿಂಗಾದರೆ ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ಎತ್ತುತ್ತೇನೆ. ಮೊನ್ನೆ ಅಂಜಲಿ ಆಟದ ಫೋನು ಕಿವಿಗಿಟ್ಟುಕೊಂಡು, "ಹೇಳಿ ಸರ್, ಯಾವ ತಾರೀಖಿಗೆ?" ಎನ್ನುತ್ತಿದ್ದಳು. ಅವರಿಗೆ ನಗು ತಡೆಯಲಾಗಲಿಲ್ಲ. ನಾನು ಮಗುವಿನ ಕೈಯಿಂದ ಅದನ್ನು ಕಿತ್ತುಕೊಂಡು ಗದರಿದೆ. ಯಾಕೆಂದು ಅದಕ್ಕೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ.

ಸಣ್ಣ ಫೋನು ಕಳಿಸಬೇಡ. ಅದನ್ನು ಬಚ್ಚಿಡುವುದೇ ನನಗೊಂದು ಕೆಲಸವಾಗುತ್ತದೆ. ನನ್ನ ಹೆಸರಿನ ನಂಬರು ಇರುವಾಗ ನಾನು ಅಕ್ಕಿ ಡಬ್ಬದಲ್ಲಿ ಯಾಕೆ ಮಾತಾಡಲಿ?

ಇನ್ನು ಧನುರ್ಮಾಸ. ಮದುವೆಗಳಿಲ್ಲ, ಅಂಗಡಿ ಖಾಲಿ, ಅವರು ಇಡೀ ದಿನ ಎದುರಿಗೇ ಇರುತ್ತಾರೆ. ಅವ್ವನಿಗೆ ಫೋನು ಕಡಿಮೆ ಮಾಡಲು ಹೇಳು.

ನಿನ್ನ
ಸುಮಿತ್ರಾ


ಹಿರಿಯೂರು
13 ಜನವರಿ 2025

ಅಕ್ಕಾ,

ಭಾವ ನಿನಗೆ ಏನು ಹೇಳಿದರೋ, ಎಷ್ಟು ಹೇಳಿದರೋ ಗೊತ್ತಿಲ್ಲ. ನಡೆದದ್ದು ನಾನು ಕಣ್ಣಾರೆ ಕಂಡಂತೆ ಬರೆಯುತ್ತೇನೆ.

ಕಡಿಮೆ ಮಾಡು ಎಂದು ಹೇಳಿದ್ದೆ. ಅವ್ವ ಕೇಳಲಿಲ್ಲ. ಶನಿವಾರ ಮಾರಣ್ಣನ ಫೋನಿನಿಂದ ಮಾಡಿದಳು. ನೀನು ಅಂಜಲಿಯ ಸ್ಕೂಲಿಗೆ ಹೋಗಿದ್ದೆಯಂತೆ, ಎತ್ತಿದ್ದು ಭಾವ. ಅವ್ವ ಗಾಬರಿಯಲ್ಲಿ ಫೋನು ಇಡುವುದು ಬಿಟ್ಟು, ದನಿ ದಪ್ಪ ಮಾಡಿಕೊಂಡು ಬಾಯಿಗೆ ಬಂದ ಪಾಠ ಒಪ್ಪಿಸಿದ್ದಾಳೆ: ನೂರು ಕುರ್ಚಿ, ಜಮಖಾನ. ಏನು ಕಾರ್ಯ ಎಂದರೆ ನಾಮಕರಣ ಎಂದಳಂತೆ. ಯಾರ ಮನೆ ಎಂದರೆ, ಸುಳ್ಳು ವಿಳಾಸ ಹೊಳೆಯದೆ, ಹಿರಿಯೂರು ಹಳೇ ಪೋಸ್ಟಾಫೀಸ್ ಹಿಂದೆ ಮಾರಣ್ಣನ ಮನೆ ಎಂದಳಂತೆ. ಧನುರ್ಮಾಸದಲ್ಲಿ ಆರ್ಡರು! ಅದೂ ಅತ್ತೆ ಮನೆಯ ಪಕ್ಕದಲ್ಲಿ! ಭಾವನಿಗೆ ಹಿಗ್ಗೋ ಹಿಗ್ಗು.

ಭಾನುವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದೆ. ಅಂಜಲಿ ಶಾಮಿಯಾನದ ವ್ಯಾನು ಬಂದು ನಿಂತಿತು. ಅವ್ವನಿಗೆಂದು ದ್ರಾಕ್ಷಿ, ಬಾಳೆಹಣ್ಣು ಹಿಡಿದು ಭಾವ ಇಳಿದರು. "ಮಾರಣ್ಣರ ಮನೆ ನಾಮಕರಣಕ್ಕೆ ಬಂದೆ, ಹಂಗೇ ನಿಮ್ಮನ್ನೂ ನೋಡಿದಂಗಾತು" ಎಂದರು. ಅವ್ವ ಬಾಗಿಲ ಹಿಂದೆ ಸೇರಿಕೊಂಡಳು. ಅಷ್ಟರಲ್ಲಿ ಆಳುಗಳು ಕುರ್ಚಿ ಇಳಿಸಿ ಬೀದಿಗೆ ಬೀದಿಯೇ ಜೋಡಿಸಿದ್ದರು. ಮಾರಣ್ಣ ಹೊರಗೆ ಬಂದು ನೋಡಿದ. ಮದುವೆಯೇ ಆಗದ ಮುದುಕ. "ನಾಮಕರಣನಾ? ನಂಗಾ?" ಎಂದ. ಬೀದಿಯವರೆಲ್ಲ ನಕ್ಕರು, ಭಾವನೂ ನಕ್ಕರು. ನಿಮ್ಮ ಫೋನಿನಿಂದಲೇ ಆರ್ಡರ್ ಬಂದಿದೆ ನೋಡಿ ಎಂದು ತೋರಿಸಿದರು. ಪಾಪ ಮಾರಣ್ಣ, ಅವನಿಗೇನು ಗೊತ್ತು. "ಓ, ನಿಮ್ಮತ್ತೆ ಮಾಡಿರ್ತಾರೆ ಬಿಡಪ್ಪ. ಮಗಳ ಹತ್ರ ಮಾತಾಡಕೆ ಆವಾಗಾವಾಗ ತಗೊಂಡು ಹೋಗ್ತಾರೆ" ಎಂದುಬಿಟ್ಟ.

ಭಾವನ ಮುಖದ ನಗು ಹೋಗುವುದನ್ನು ನಾನು ನೋಡಿದೆ ಅಕ್ಕಾ. ತಮ್ಮದೇ ಒಂದು ಕುರ್ಚಿ ಎಳೆದುಕೊಂಡು ಬೀದಿಯಲ್ಲೇ ಕುಳಿತರು. ಅವ್ವ ಹೊರಗೆ ಬಂದಳು. "ಒಳಗೆ ಬಾರಪ್ಪ, ಕುಂತ್ಕ, ಕಾಫಿ ಮಾಡ್ತೀನಿ. ಕುರ್ಚಿ ಅಂದ್ರೆ ಆರಾಮಾಗಿದೀನಿ ಅಂತ ಅಷ್ಟೇ. ಬ್ಯಾರೆ ಏನೂ ಇಲ್ಲ" ಎಂದಳು. ಅವರು ಕೂಗಾಡಲಿಲ್ಲ. ಕಾಫಿ ಕುಡಿದರು. ಕುರ್ಚಿ ಮತ್ತೆ ತುಂಬಿಸಿದರು. ವ್ಯಾನು ಹತ್ತುವ ಮೊದಲು ತಿರುಗಿ, "ಜಮಖಾನ ಅಂದ್ರೆ ಏನತ್ತೆ?" ಎಂದರು.

"ಮಗಳು ನೆನಪಾಗ್ತಾಳೆ ಅಂತಪ್ಪ" ಎಂದಳು ಅವ್ವ.

ಅವರು ವ್ಯಾನು ಹತ್ತಿ ಹೋದರು. ಅವ್ವ ಆ ಹಣ್ಣು ಮುಟ್ಟಿಲ್ಲ. ತಕ್ಷಣ ಬರೆ.

ರೋಜಾ


ಹಿರಿಯೂರು
3 ಫೆಬ್ರವರಿ 2025

ಅಕ್ಕಾ,

ಉತ್ತರ ಇಲ್ಲ. ನಿನ್ನ ನಂಬರಿಗೆ ಮಾಡಿದರೆ ಭಾವ ಎತ್ತುತ್ತಾರೆ, "ಅಂಜಲಿ ಶಾಮಿಯಾನ" ಎನ್ನುತ್ತಾರೆ, ನಾನು ಇಡುತ್ತೇನೆ. ಬರುತ್ತೇನೆಂದರೆ ಅವ್ವ ಬೇಡ, ಅವಳಿಗೆ ಇನ್ನೂ ತೊಂದರೆ ಆಗುತ್ತದೆ ಎನ್ನುತ್ತಾಳೆ. ಒಂದು ಸಾಲು ಬರೆ ಸಾಕು. ಇದ್ದೀನಿ ಎಂದಾದರೂ ಬರೆ.

ರೋಜಾ


ಹೊಳಲ್ಕೆರೆ
10 ಮಾರ್ಚ್ 2025

ರೋಜಾ,

ಇದ್ದೀನಿ. ಈರಕ್ಕ ಹೊಸದುರ್ಗದಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು. ನಿನ್ನ ಎರಡೂ ಕಾಗದ ಮುಚ್ಚಿದ ಬಾಗಿಲ ಸಂದಿಯಲ್ಲಿ ಬಿದ್ದಿದ್ದವು, ನನಗೆ ಮೊನ್ನೆ ಸಿಕ್ಕವು.

ಅವತ್ತು ಹಿರಿಯೂರಿನಿಂದ ಬಂದವರು ನನಗೆ ಹೇಳಿದ್ದು ಒಂದೇ ಮಾತು. "ನನ್ನ ಎದುರಿಗೇ ನಗ್ತಾ ನಗ್ತಾ ಕುರ್ಚಿ ಕೊಡ್ತಿದ್ರಲ್ಲ ಇಬ್ರೂ." ಆಮೇಲೆ ಫೋನು ತೆಗೆದುಕೊಂಡು ಅಂಗಡಿಯ ಗಲ್ಲಾದಲ್ಲಿ ಇಟ್ಟರು. ಈಗ ಅದು ಅಲ್ಲೇ ಇರುತ್ತದೆ. ಅವರು ಸಾಮಾನಿನ ಲೋಡು ಇಳಿಸಲು ಹೋದಾಗ ಮಾತ್ರ ನನಗೆ ಕೊಡುತ್ತಾರೆ, ಬಂದು ನೋಡುತ್ತಾರೆ. ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರಿಗೆ ನಿಜವಾಗಿ ನೋವಾಗಿದೆ. ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಅಡುಗೆ ಮಾಡುವುದು ಎಷ್ಟು ಸುಸ್ತು ಎಂದು ನಿನಗೆ ಮದುವೆಯಾದ ಮೇಲೆ ತಿಳಿದೀತು. ತಿಳಿಯದಿರಲಿ.

ನಂಬರು ಬರೆದುಕೊಡುವ ಮಾತು ಬಿಡಲಿಲ್ಲ. ಶುಕ್ರವಾರ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಮೊದಲು ತೆರಿಗೆ ಲೆಕ್ಕ ಬರೆಯುವ ರಾಜಕುಮಾರ್ ಅವರ ಆಫೀಸಿಗೆ ಬ್ಯಾಂಕಿನ ಕಾಗದ ಕೊಡಬೇಕಿತ್ತು. ಅಲ್ಲಿ ವ್ಯಾನು ನಿಲ್ಲಿಸಲು ಜಾಗವಿಲ್ಲ. "ನೀನು ಕೊಟ್ಟು ಬಾ, ಒಂದು ಸುತ್ತು ಹಾಕ್ಕಂಡು ಬರ್ತೀನಿ" ಎಂದು ನನ್ನನ್ನು ಇಳಿಸಿದರು.

ಮಹಡಿ ಮೇಲೆ ಒಂದು ಸಣ್ಣ ರೂಮು. ರಾಜಕುಮಾರ್ ತಲೆ ನರೆತವರು, ಸಮಾಧಾನದ ಮನುಷ್ಯ. "ಬರ್ರಿ ಅಮ್ಮ, ಕುಂತ್ಕಳ್ರಿ" ಎಂದರು. ಕಾಗದ ಕೊಟ್ಟೆ. ಎದ್ದು ಬರಬಹುದಿತ್ತು. ಆದರೂ ಕೇಳಿದೆ.

"ಸರ್, ಫೋನಿನ ಖರ್ಚಿನಾಗೆ ಹತ್ತು ಪರ್ಸೆಂಟು ಸ್ವಂತ ಬಳಕೆ ಅಂತ ಬರೆದ್ರೆ ನಡೆಯಲ್ವಾ? ಐದಾದ್ರೂ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾವ ಫೋನಿನ ಖರ್ಚು?"

"ಅಂಗಡಿದು. ನೀವು ತೆರಿಗೇಲಿ ಕಳೀತೀರಲ್ಲ."

"ನಾನ್ಯಾಕೆ ಕಳೀಲಿ? ನಿಮ್ಮದು ಸಣ್ಣ ವ್ಯಾಪಾರ ಅಮ್ಮ, ಅಂದಾಜು ಲಾಭದ ಮೇಲೆ ಕಟ್ತೀವಿ. ಒಟ್ಟು ವ್ಯಾಪಾರದಾಗೆ ಇಷ್ಟು ಲಾಭ ಅಂತ ಸರ್ಕಾರನೇ ಹಿಡೀತೈತೆ. ಖರ್ಚೆಲ್ಲಾ ಅದ್ರಾಗೇ ಬಂದೋತು. ಫೋನು, ಡೀಸೆಲ್ಲು, ಕೂಲಿ, ಯಾವುದನ್ನೂ ಬ್ಯಾರೆ ಕಳಿಯಂಗಿಲ್ಲ, ಯಾರೂ ಬಿಲ್ ಕೇಳಲ್ಲ. ನಿಮ್ಮ ಫೋನ್ ಬಿಲ್ ನಾನು ಒಂದಿನಾನೂ ನೋಡಿಲ್ಲ."

"ಮತ್ತೆ ನಂಬರು ಅಂಗಡಿ ಹೆಸರಿಗೆ ಆಗ್ಬೇಕು ಅಂತ ನೀವು ಹೇಳಿದ್ರಂತೆ?"

"ನಾನಾ? ಮೊದಲ್ನೇ ವರ್ಷ ನಿಮ್ಮ ಯಜಮಾನ್ರು ದುರುಗೇಶ್ ಬಿಲ್ಲು ತಂದಿದ್ರು. ಇದು ಬ್ಯಾಡ, ಮನೇಲಿಟ್ಕಳ್ರಿ ಅಂದು ವಾಪಸ್ ಕೊಟ್ಟೆ. ಆಮೇಲೆ ಆ ವಿಷ್ಯಾನೇ ಬಂದಿಲ್ಲ."

ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ನಾನು ಎದ್ದೆ. ಅವರು ನೀರು ಕೊಟ್ಟರು, ಕುಡಿದೆ.

ಮೊದಲನೇ ವರ್ಷ ರೋಜಾ. ಅಂಜಲಿ ಆಗ ಹೊಟ್ಟೆಯಲ್ಲಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ತಿಂಗಳೂ ಕೆಂಪು ಪೆನ್ನು ಹಿಡಿದು ಕುಳಿತದ್ದು ಯಾವ ಆಫೀಸರಿಗೂ ಅಲ್ಲ.

ಫೋನ್ ಕಂಪನಿಯ ಅಂಗಡಿಗೆ ಹೋಗುವಷ್ಟರಲ್ಲಿ ಅವತ್ತಿನ ಟೋಕನ್ ಮುಗಿದಿತ್ತು. ವಾಪಸ್ ಬಂದೆವು. ನಾನು ಅವರಿಗೆ ಏನೂ ಹೇಳಿಲ್ಲ. ಹೇಳಿದರೆ ಏನು ಉತ್ತರ ಬರುತ್ತದೋ ಎಂದು ಹೆದರಿಕೆ. ಬೈಗುಳಕ್ಕೆ ಹೆದರುತ್ತಿಲ್ಲ, ಉತ್ತರಕ್ಕೆ ಹೆದರುತ್ತಿದ್ದೇನೆ.

ನಿನ್ನ
ಸುಮಿತ್ರಾ


ಹಿರಿಯೂರು
16 ಮಾರ್ಚ್ 2025

ಅಕ್ಕಾ,

ಅವ್ವನಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಆ ಕೋಣೆ ಗುಡಿಸಿದಳು, ನೀನು ಮದುವೆಗೆ ಮುಂಚೆ ಮಲಗುತ್ತಿದ್ದ ಕೋಣೆ. ಅರ್ಥ ಮಾಡಿಕೋ. ಅಂಜಲಿಯನ್ನು ಕರೆದುಕೊಂಡು ಬಂದುಬಿಡು. ಇಲ್ಲೂ ಸ್ಕೂಲಿದೆ, ನಾನೇ ಮೇಷ್ಟ್ರು.

ಬರಲಾಗದಿದ್ದರೆ ಇನ್ನೊಂದು ಕೆಲಸ ಮಾಡು. ನಂಬರು ನಿನ್ನ ಹೆಸರಿನಲ್ಲಿದೆ. ಸಿಮ್ ಕಳೆದುಹೋಗಿದೆ ಎಂದು ಹೇಳಿ ಬಂದ್ ಮಾಡಿಸು. ಮದುವೆಯ ಕಾಲದಲ್ಲಿ ಆ ನಂಬರು ಸತ್ತರೆ ಕುರ್ಚಿ, ಕೊಪ್ಪರಿಗೆ ಎಲ್ಲಾ ಬಾಯಿ ಮುಚ್ಚಿಕೊಂಡು ಕೂರುತ್ತವೆ. ಆಗ ಭಾವ ಕೆಂಪು ಪೆನ್ನಿನಲ್ಲಿ ಏನು ಗುರುತು ಹಾಕುತ್ತಾರೋ ನೋಡೋಣ. ನೀನು ಮಾಡುವುದಿಲ್ಲವೆಂದು ಗೊತ್ತು. ಸಿಟ್ಟಿಗೆ ಬರೆದೆ.

ಆದರೆ ಕೇಳು ಅಕ್ಕಾ, ಯಾಕೆ ಎಂದು ಒಂದು ಸಲ ಬಾಯಿಬಿಟ್ಟು ಕೇಳು. ಬರೆದುಕೊಡುವ ಮೊದಲು ಕೇಳು.

ನಿನ್ನವಳೇ,
ರೋಜಾ


ಹೊಳಲ್ಕೆರೆ
28 ಮಾರ್ಚ್ 2025

ರೋಜಾ,

ಕೇಳಿದೆ. ಇವತ್ತು ಬೆಳಿಗ್ಗೆ, ವ್ಯಾನಿನಲ್ಲಿ, ಚಿತ್ರದುರ್ಗದ ದಾರಿಯಲ್ಲಿ. ಅಂಜಲಿ ಸ್ಕೂಲಿಗೆ ಹೋಗಿದ್ದಳು. ರಾಜಕುಮಾರ್ ಹೇಳಿದ್ದನ್ನೆಲ್ಲ ಹೇಳಿ, "ತೆರಿಗೆಗೆ ಬೇಕಿಲ್ಲ ಅಂದ್ಮೇಲೆ ಇಷ್ಟು ವರ್ಷ ಯಾಕೆ ಮಾಡಿದ್ರಿ?" ಎಂದೆ.

ಅವರು ಗೇರ್ ಬದಲಿಸಿದರು. ಸುಳ್ಳು ಹೇಳುತ್ತಾರೆಂದುಕೊಂಡಿದ್ದೆ, ಹೇಳಲಿಲ್ಲ.

"ನೀನು ಯಾರ ಹತ್ರ ಏನು ಮಾತಾಡ್ತೀಯ ಅಂತ ನಂಗೆ ಗೊತ್ತಿರ್ಬೇಕು ಅನ್ನಿಸ್ತು. ಹಂಗಂತ ಕೇಳಿದ್ರೆ ಅನುಮಾನದೋನು ಅಂತಿದ್ದೆ. ತೆರಿಗೆ ಅಂದೆ."

"ನಂಬರು ಯಾಕೆ ಬೇಕು?"

"ಅಂಗಡಿ ಅಂದ್ರೆ ಆ ನಂಬರೇ ಅಲ್ವೇನೇ. ನಾಳೆ ಸಿಟ್ಟು ಮಾಡ್ಕಂಡು ನೀನು ಹಿರಿಯೂರಿಗೆ ಹೋದ್ರೆ ನಂಬರೂ ಹೋಗ್ತದೆ. ಆಮೇಲೆ ನಾನೇನು ಮಾಡ್ಲಿ? ಕೊಪ್ಪರಿಗೆ ಮೇಲಿಂದೆಲ್ಲಾ ಉಜ್ಜಕ್ಕಾಗುತ್ತಾ?"

ನಾನು ಹೋದರೆ ಎಂದು ಅವರು ಯೋಚಿಸಿದ್ದಾರೆ ರೋಜಾ. ಬಹಳ ಯೋಚಿಸಿದ್ದಾರೆ. ಹೋದಮೇಲೆ ಅವರಿಗೆ ಇಲ್ಲದಾಗುವುದು ನಂಬರು. ನನಗೆ ಅಳು ಬರಲಿಲ್ಲ. ಖಾಲಿ ರಸ್ತೆಯಲ್ಲಿ ಅವರು ಸುಮ್ಮನೆ ಹಾರ್ನ್ ಒತ್ತಿದರು. ಪಾಪ ಎನ್ನಿಸಿತು. ಆ ಪಾಪದ ಮೇಲೆಯೇ ಇಷ್ಟು ವರ್ಷ ಬದುಕಿದ್ದೇನೆ ಎಂದೂ ಅನ್ನಿಸಿತು.

ಇವತ್ತು ಟೋಕನ್ ಸಿಕ್ಕಿತು. ಕೌಂಟರಿನಲ್ಲಿ ನಿನ್ನ ವಯಸ್ಸಿನ ಹುಡುಗಿ. ಅವರು ನನ್ನ ಆಧಾರ್ ಕಾರ್ಡು ಕೊಟ್ಟರು, ಅದು ಅವರ ಜೇಬಿನಲ್ಲೇ ಇತ್ತು. ಒಪ್ಪಿಗೆಗೆಂದು ಓಟಿಪಿ ಫೋನಿಗೆ ಬಂತು, ಫೋನೂ ಅವರ ಕೈಯಲ್ಲೇ ಇತ್ತು, ಅವರೇ ಓದಿ ಹೇಳಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲ ಮುಗಿದೇಹೋಯಿತು ಎಂದುಕೊಂಡೆ.

ಆಗ ಆ ಹುಡುಗಿ ತನ್ನ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಮೇಡಂ, ಇಲ್ಲಿ ನೋಡ್ರಿ. ಒಂದ್ಸಲ ರೆಪ್ಪೆ ಬಡೀರಿ" ಎಂದಳು. ಫೋಟೋ ತೋರಿಸಿ ಮೋಸ ಮಾಡುತ್ತಾರಂತೆ, ಜೀವಂತ ಮನುಷ್ಯರೇ ನಿಂತಿದ್ದಾರೆಂದು ಅದಕ್ಕೆ ಗೊತ್ತಾಗಬೇಕಂತೆ. ರೆಪ್ಪೆ ಬಡಿದರೆ ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ಪರದೆಯಲ್ಲಿ ನನ್ನ ಮುಖವಿತ್ತು, ಸುತ್ತ ಒಂದು ಗೀಟು. ನಾನು ಕಣ್ಣು ಬಿಟ್ಟುಕೊಂಡು ನಿಂತೆ.

"ರೆಪ್ಪೆ ಬಡೀರಿ ಮೇಡಂ." ಬಡಿಯಲಿಲ್ಲ. ಪರದೆ ಕೆಂಪಾಯಿತು. ಮತ್ತೆ ಹಿಡಿದಳು. ಬಡಿಯಲಿಲ್ಲ. "ಲೇ, ಏನಾತು ನಿಂಗೆ, ಬಡಿ" ಎಂದರು ಇವರು ಮೆಲ್ಲಗೆ. ಹಿಂದೆ ನಿಂತಿದ್ದವರೊಬ್ಬರು, "ಅಮ್ಮಂಗೆ ಕಣ್ಣಿನ ತೊಂದ್ರೆ ಐತೇನೋ" ಎಂದರು. ಇವರು ನನ್ನ ಭುಜ ಹಿಡಿದು, "ಎಲ್ಲರೂ ನೋಡ್ತಾವ್ರೆ ಸುಮಿತ್ರಾ" ಎಂದರು. ಅವರ ಬಾಯಲ್ಲಿ ನನ್ನ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ. ರೆಪ್ಪೆ ಇನ್ನೇನು ಬಿದ್ದೇಬಿಡುವುದರಲ್ಲಿತ್ತು. ಹಲ್ಲು ಕಚ್ಚಿ ತಡೆದೆ. ಕಣ್ಣು ಉರಿದು ನೀರು ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಂಡರೆ ಎಲ್ಲಿ ಮುಚ್ಚುತ್ತದೋ ಎಂದು ಒರೆಸಿಕೊಳ್ಳಲಿಲ್ಲ.

ಆ ಹುಡುಗಿ ನನ್ನನ್ನು ನೋಡಿದಳು, ಇವರನ್ನು ನೋಡಿದಳು. ಮೊಬೈಲನ್ನು ಮಗುಚಿ ಮೇಜಿನ ಮೇಲಿಟ್ಟು, "ಸರ್ವರ್ ಹೋತು ಸರ್. ಹಬ್ಬ ಆದ್ಮೇಲೆ ಬರ್ರಿ" ಎಂದಳು. ಸರ್ವರ್ ಹೋಗಿರಲಿಲ್ಲ. ನನ್ನ ಹಿಂದಿನವರ ಕೆಲಸ ಆಗಲೇ ಶುರುವಾಗಿತ್ತು.

ಮನೆಗೆ ಬಂದು ಅನ್ನಕ್ಕೆ ಇಟ್ಟೆ. ಹಿರಿಯೂರಿಗೆ ಬಾ ಎಂದು ಬರೆದಿದ್ದೀಯ. ಬರುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಬಂದರೂ ನನ್ನ ನಂಬರು ಹಿಡಿದುಕೊಂಡೇ ಬರಬೇಕು, ಇಲ್ಲೇ ಇದ್ದರೂ ನನ್ನ ನಂಬರು ಇಟ್ಟುಕೊಂಡೇ ಇರಬೇಕು. ಅಷ್ಟು ಮಾತ್ರ ಇವತ್ತು ಗಟ್ಟಿಯಾಗಿದೆ.

ಯುಗಾದಿ ಕಳೆದ ಮೇಲೆ ಮತ್ತೆ ಕರೆದುಕೊಂಡು ಹೋಗುತ್ತಾರಂತೆ. ಕಣ್ಣು ಇನ್ನೂ ಉರಿಯುತ್ತಿದೆ. ಅಲ್ಲಿನ ಮೆಡಿಕಲ್ ಶಾಪಿನಲ್ಲಿ ಕಣ್ಣಿಗೆ ಬಿಡುವ ಹನಿ ಔಷಧ ಸಿಕ್ಕರೆ ಈರಕ್ಕನ ವಿಳಾಸಕ್ಕೆ ಕಳಿಸು. ಎರಡು ಬಾಟಲಿ ಕಳಿಸು.

ನಿನ್ನ ಅಕ್ಕ,
ಸುಮಿತ್ರಾ